ಕೂಸು ಮಿಸುಕಾಡುತ್ತಿಲ್ಲ ಎಂದವಳನ್ನು ಮನೆಗೆ ಕಳಿಸಬೇಡಿ

ಗೋವಾ ಸರ್ಕಾರದ ಆರೋಗ್ಯ ಸಚಿವರಿಗೆ, ಆರೋಗ್ಯ ಸೇವಾ ನಿರ್ದೇಶನಾಲಯದ ಅಧಿಕಾರಿಗಳಿಗೆ, ಜೊತೆಗೆ ಕರ್ನಾಟಕದ ಆರೋಗ್ಯ ಇಲಾಖೆಯವರಿಗೂ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಏಳು ತಿಂಗಳು ತುಂಬಿದ ಬಸುರಿ ‘ಹೊಟ್ಟೆಯಲ್ಲಿ ಕೂಸು ಮಿಸುಕಾಡುತ್ತಿಲ್ಲ’ ಎಂದು ನಿಮ್ಮ ಯಾವುದೇ ಆಸ್ಪತ್ರೆಗೆ ಬಂದರೂ, ಮಗುವಿನ ಎದೆಬಡಿತ ಕೇಳದೆ ಅವಳನ್ನು ಮನೆಗೆ ಕಳಿಸಬಾರದು. ಅವಳು ಕೊಂಕಣಿ ಮಾತಾಡಲಿ, ಕನ್ನಡ ಮಾತಾಡಲಿ. ಕೈಯಲ್ಲಿ ಕಾರ್ಡ್ ಇರಲಿ, ಇಲ್ಲದಿರಲಿ. ಭಾನುವಾರವಾಗಲಿ, ನಡುರಾತ್ರಿಯಾಗಲಿ. ಇದನ್ನು ಲಿಖಿತ ಆದೇಶವಾಗಿ ಹೊರಡಿಸಿ ಎಂದು ಕೇಳಲು ಈ ಪತ್ರ.

ನಾನು ನಿವೃತ್ತ ನರ್ಸ್. ಧಾರವಾಡದ ಕಡೆ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಈಗ ಮಗನ ಮನೆಯಲ್ಲಿ, ವಾಸ್ಕೋದಲ್ಲಿದ್ದೇನೆ. ಬೈನಾ, ಜುವಾರಿನಗರದಲ್ಲಿ ಎಷ್ಟು ಜನ ಕನ್ನಡದವರಿದ್ದಾರೆ ಎಂದು ನಿಮಗೆ ಹೇಳಬೇಕಿಲ್ಲ. ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ವಿಜಯಪುರದ ಕಡೆಯಿಂದ ಬಂದವರು. ಗಾರೆ ಕೆಲಸ, ಮನೆಗೆಲಸ, ಮೀನಿನ ಜೆಟ್ಟಿ, ತರಕಾರಿ ವ್ಯಾಪಾರ. ನಾನು ನರ್ಸ್ ಆಗಿದ್ದವಳು ಅಂತ ಓಣಿಯಲ್ಲಿ ಗೊತ್ತಾದ ಮೇಲೆ ಬಸುರಿಯರ ಜೊತೆ ಆಸ್ಪತ್ರೆಗೆ ಹೋಗುವುದು, ಡಾಕ್ಟರು ಹೇಳಿದ್ದನ್ನು ಅವರಿಗೆ ಬಿಡಿಸಿ ಹೇಳುವುದು ನನ್ನ ಪಾಲಿಗೆ ಬಂತು. ಪ್ರೀತಿಯಿಂದಲೇ ಮಾಡುತ್ತಿದ್ದೇನೆ. ಆದರೆ ಇದು ಒಬ್ಬ ಮುದುಕಿಯ ಕೈಯಲ್ಲಿ ಆಗುವ ಕೆಲಸ ಅಲ್ಲ.

28 ವಾರ ದಾಟಿದ ಮಗು ಜೀವವಿಲ್ಲದೆ ಹುಟ್ಟಿದರೆ ಅದನ್ನು ಲೆಕ್ಕದಲ್ಲಿ ನಿರ್ಜೀವ ಜನನ ಅನ್ನುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಕ್ಕಳು ಹೀಗೆ ಹುಟ್ಟುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2020ರಲ್ಲಿ ವರದಿ ಮಾಡಿದವು. ಅಂದರೆ ಹದಿನಾರು ಸೆಕೆಂಡಿಗೆ ಒಂದು. 2019ರಲ್ಲಿ ನಮ್ಮ ದೇಶದಲ್ಲಿ ಆದದ್ದು ಸುಮಾರು 3.4 ಲಕ್ಷ. ಬೇರೆ ಯಾವ ದೇಶದಲ್ಲೂ ಇಷ್ಟು ಆಗಿರಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದ ಯಾರಿಗೇ ಆಗಲಿ ಅದನ್ನು ಓದಿದರೆ ಎದೆ ಧಸಕ್ ಅನ್ನುತ್ತದೆ. ಸತ್ತು ಹುಟ್ಟುವ ಮಕ್ಕಳಲ್ಲಿ ಶೇ. 40ಕ್ಕಿಂತ ಜಾಸ್ತಿ ಮಕ್ಕಳು ಹೆರಿಗೆ ನೋವು ಶುರುವಾದಾಗ ಬದುಕಿದ್ದವು. ನೋವು ತಿನ್ನುತ್ತಿರುವಾಗ, ತಾಯಿ ಟೇಬಲ್ ಮೇಲೆ ಮಲಗಿರುವಾಗ ಹೋದವು.

ಇದು ಹಣೆಬರಹ ಅಲ್ಲ. ನಮ್ಮ ಜನ ಹಾಗೇ ಹೇಳಿಕೊಳ್ಳುತ್ತಾರೆ. ಗ್ರಹಣ ನೋಡಿದಳು, ಹೊತ್ತಲ್ಲದ ಹೊತ್ತಲ್ಲಿ ಹೊರಗೆ ಹೋದಳು, ಕುಬಸದ (ಸೀಮಂತದ) ದಿನ ಯಾರದೋ ಕಣ್ಣು ಬಿತ್ತು ಅನ್ನುತ್ತಾರೆ. ತಪ್ಪೆಲ್ಲ ಆ ಹೆಣ್ಣಿನ ತಲೆಗೆ ಬರುತ್ತದೆ. ಆಸ್ಪತ್ರೆಯಿಂದ ಕಾರಣ ಹೇಳಿ ಕಳಿಸದಿದ್ದರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ, ಅಲ್ವಾ?

ಕೊಪ್ಪಳ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಕಟ್ಟಡದ ಕೆಲಸದಲ್ಲಿ ಗಂಡನ ಜೊತೆ ಇಟ್ಟಿಗೆ ಹೊರುತ್ತಿದ್ದಳು. ಒಂಬತ್ತು ತಿಂಗಳಿಗೆ ಬಿದ್ದಿದ್ದಳು. ಒಂದು ಬುಧವಾರ ಸಂಜೆ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. “ಅಕ್ಕಾರ, ಕೂಸು ಮಿಸುಕಾಡವಲ್ದು” ಅಂದಳು. ಯಾವತ್ತಿನಿಂದ ಎಂದು ಕೇಳಿದೆ. ಭಾನುವಾರ ರಾತ್ರಿಯಿಂದಲೇ ಕಡಿಮೆಯಾಗಿತ್ತಂತೆ. ಸೋಮವಾರ ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ದಾಳೆ. ಅಲ್ಲಿ ನೋವಿದೆಯಾ ಎಂದು ಕೇಳಿದ್ದಾರೆ, ಇಲ್ಲ ಎಂದು ತಲೆ ಆಡಿಸಿದ್ದಾಳೆ. ರಕ್ತ ಹೋಗಿದೆಯಾ, ನೀರು ಹೋಗಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದ್ದಾರೆ, ಅದಕ್ಕೂ ಇಲ್ಲ. ಇವಳು ಕನ್ನಡದಲ್ಲಿ ಹೇಳಿದ್ದು ಅಲ್ಲಿದ್ದವರಿಗೆ ತಿಳಿದಿಲ್ಲ. ಮುಂದಿನ ತಾರೀಖು ಬರೆದುಕೊಟ್ಟು ಕಳಿಸಿದ್ದಾರೆ. ಯಾರೂ ಬೈದಿಲ್ಲ, ಗದರಿಲ್ಲ. ಒಬ್ಬ ನರ್ಸ್ ಕುಡಿಯಲು ನೀರು ಕೂಡ ಕೊಟ್ಟಳಂತೆ.

ನನ್ನ ಹತ್ತಿರ ಹಳೆಯ ಅಲ್ಯುಮಿನಿಯಂ ಫೀಟೋಸ್ಕೋಪ್ ಇದೆ. ತುತ್ತೂರಿಯ ಆಕಾರದ್ದು. ಅದನ್ನು ಹೊಟ್ಟೆಯ ಮೇಲೆ ಇಟ್ಟು ಕಿವಿಗೊಟ್ಟು ಕೇಳುವಾಗ ಇನ್ನೊಂದು ಕೈಯಲ್ಲಿ ತಾಯಿಯ ನಾಡಿ ಹಿಡಿದಿರಬೇಕು. ಇಲ್ಲದಿದ್ದರೆ ತಾಯಿಯ ರಕ್ತನಾಳದ ಬಡಿತವನ್ನೇ ಮಗುವಿನದ್ದು ಅಂದುಕೊಳ್ಳುವ ಅಪಾಯವಿದೆ. ಮಗುವಿನದ್ದು ನಿಮಿಷಕ್ಕೆ 110ರಿಂದ 160 ಇರುತ್ತದೆ. ಅವತ್ತು ನನಗೆ ಕೇಳಿಸಿದ ಬಡಿತ ಅವಳ ಮಣಿಕಟ್ಟಿನಲ್ಲಿ ನನ್ನ ಬೆರಳಿಗೆ ಸಿಗುತ್ತಿದ್ದ ಬಡಿತವೇ. ಹೊಟ್ಟೆಯ ಬೇರೆ ಬೇರೆ ಕಡೆ ಇಟ್ಟು ಕೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತಕ್ಷಣ 108ಕ್ಕೆ ಫೋನ್ ಮಾಡಿ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್‌ನಲ್ಲಿ ಖಾತ್ರಿಯಾಯಿತು. ಮರುದಿನ ಹೆರಿಗೆಯಾಯಿತು. ಹೆಣ್ಣುಮಗು. ಮೈಯಲ್ಲಿ ಯಾವ ಊನವೂ ಇರಲಿಲ್ಲ. ಆದರೆ ದಿನ ತುಂಬಿದ ಮಗುವಿಗೆ ಇರಬೇಕಾದ ತೂಕ ಇರಲಿಲ್ಲ.

ಸೋಮವಾರ ಎದೆಬಡಿತ ಕೇಳಿದ್ದರೆ ಆ ಮಗು ಖಂಡಿತ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಉಳಿಸಿಕೊಳ್ಳಲು ಒಂದು ಅವಕಾಶ ಇದ್ದದ್ದು ಸೋಮವಾರ ಮಾತ್ರ.

ಮಿಸುಕಾಟಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಮಾಸಿನಿಂದ (ಪ್ಲಾಸೆಂಟಾದಿಂದ) ಮಗುವಿಗೆ ರಕ್ತ, ಆಮ್ಲಜನಕ ಸರಿಯಾಗಿ ಹೋಗದಿದ್ದಾಗ ಅದು ಇದ್ದ ಶಕ್ತಿಯನ್ನು ಉಳಿಸಿಕೊಳ್ಳಲು ನೋಡುತ್ತದೆ. ಎಣ್ಣೆ ಕಡಿಮೆಯಾದಾಗ ನಾವು ಬತ್ತಿ ಇಳಿಸುತ್ತೇವಲ್ಲ, ಹಾಗೆ ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಎಷ್ಟೋ ಸಲ ಹೊರಗೆ ಗೊತ್ತಾಗುವ ಮೊದಲ ಸೂಚನೆ ಇದೊಂದೇ. ನೋವಿರುವುದಿಲ್ಲ, ರಕ್ತವೂ ಹೋಗುವುದಿಲ್ಲ. ತಾಯಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ‘ದಿನ ತುಂಬಿದ ಮೇಲೆ ಜಾಗ ಸಾಲೋದಿಲ್ಲ, ಕೂಸು ಕಡಿಮೆ ಆಡುತ್ತದೆ’ ಎಂದು ಮನೆಯ ಹಿರಿಯರು ಸಮಾಧಾನ ಹೇಳುತ್ತಾರೆ. ಕೆಲವು ಕಡೆ ಸಿಬ್ಬಂದಿಯೇ ಹೇಳುವುದನ್ನು ಕೇಳಿದ್ದೇನೆ. ಅದು ಸುಳ್ಳು. ಆಡುವ ರೀತಿ ಸ್ವಲ್ಪ ಬದಲಾಗಬಹುದು, ಆದರೆ ಹೆರಿಗೆಯ ದಿನದವರೆಗೂ ಮಗು ಆಡುತ್ತಲೇ ಇರಬೇಕು. ತಾಯಿಗೆ ‘ಇವತ್ತು ಎಂದಿನಂತಿಲ್ಲ’ ಅನ್ನಿಸಿದರೆ ಅಷ್ಟೇ ಸಾಕು, ಆಸ್ಪತ್ರೆಗೆ ಹೊರಡಬೇಕು. ಸಿಹಿ ತಿಂದು ನೋಡು, ನಾಳೆ ಬೆಳಿಗ್ಗೆ ನೋಡೋಣ ಎಂದು ಕಾಯಬಾರದು.

ಇನ್ನು ಮಗು ಆ ಸ್ಥಿತಿಗೆ ಬರುವುದು ಯಾಕೆ? ಎಲ್ಲ ಕಾರಣ ಬರೆಯಲು ಹೋದರೆ ಪುಸ್ತಕ ಆಗುತ್ತದೆ. ನಮ್ಮ ಓಣಿಗಳಲ್ಲಿ ಕಣ್ಣಾರೆ ಕಾಣುವುದನ್ನಷ್ಟೇ ಬರೆಯುತ್ತೇನೆ.

ಮೊದಲನೆಯದು ಬಿ.ಪಿ. ಬಸುರಿನಲ್ಲಿ ಕಾಲು ಬಾವು ಬರುವುದು ಮಾಮೂಲಿ ಎಂದು ಬಿಟ್ಟುಬಿಡುತ್ತಾರೆ. ಮುಖ ಊದಿಕೊಂಡು, ತಲೆ ಸಿಡಿದು, ಕಣ್ಣು ಮಂಜಾದರೂ ಬಿಸಿಲು ಹತ್ತಿತು ಅನ್ನುತ್ತಾರೆ. ಬಿ.ಪಿ. 140/90 ಮುಟ್ಟಿದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಮಾಸಿಗೆ ಪೆಟ್ಟು ಬೀಳುತ್ತಿದೆ ಎಂದೇ ತಿಳಿಯಬೇಕು. ಮಾಸು ಗರ್ಭಕೋಶದಿಂದ ಬಿಟ್ಟುಕೊಂಡುಬಿಟ್ಟರೆ ಆಮೇಲೆ ಉಳಿಯುವುದು ನಿಮಿಷಗಳ ಲೆಕ್ಕ. ಬಿ.ಪಿ. ನೋಡಲು ಎರಡು ನಿಮಿಷ ಸಾಕು, ಮೂತ್ರ ಪರೀಕ್ಷೆಯ ಪಟ್ಟಿಗೆ ಕೆಲವೇ ರೂಪಾಯಿ. ಅಪಾಯ ಇರುವವರಿಗೆ ಮೊದಲ ತಿಂಗಳುಗಳಿಂದಲೇ ಡಾಕ್ಟರು ಆಸ್ಪಿರಿನ್, ಕ್ಯಾಲ್ಸಿಯಂ ಕೊಡಬಹುದು. ಹಾಗಿದ್ದರೂ ತಡವಾಗಿ ಕಂಡುಹಿಡಿಯುವುದು ಯಾಕೆಂದರೆ ಕೂಲಿ ಬಿಟ್ಟು ಬರುವುದು ಅವಳಿಗೆ ಕಷ್ಟ. ಬಂದಾಗಲೂ ‘ತಲೆನೋವಿದೆಯಾ’ ಎಂದು ಅವಳ ಭಾಷೆಯಲ್ಲಿ ಕೇಳುವವರಿಲ್ಲ.

ರಕ್ತ ಕಡಿಮೆ ಇರುವುದು ಇನ್ನೊಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆ ಕೊಡುತ್ತೀರಿ, ನಿಜ. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳೆಸುತ್ತದೆ ಅಂತ ಹೆದರಿ ಅವರು ಅದನ್ನು ಬಿಟ್ಟುಬಿಡುತ್ತಾರೆ. ಅದು ಸಹಜ, ಊಟದ ನಂತರ ತಗೋ, ಚಹಾದ ಜೊತೆ ಬೇಡ ಎಂದು ಹೇಳುವ ಒಂದು ಬಾಯಿ ಬೇಕು. ಸಕ್ಕರೆ ಕಾಯಿಲೆಯ ಪರೀಕ್ಷೆ, ಸಿಫಿಲಿಸ್ ಪರೀಕ್ಷೆ ಎಲ್ಲರಿಗೂ ಆಗಬೇಕು. ಸಿಫಿಲಿಸ್ ಹೊಟ್ಟೆಯಲ್ಲಿರುವ ಮಗುವನ್ನು ಕೊಲ್ಲುತ್ತದೆ. ಬೇಗ ಗೊತ್ತಾದರೆ ಪೆನಿಸಿಲಿನ್ ಇಂಜೆಕ್ಷನ್‌ನಿಂದ ತಡೆಯಬಹುದು. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಸಮಯಕ್ಕೆ ಸಿಗಬೇಕು. ಸೋದರಮಾವನನ್ನು ಮದುವೆಯಾದವರು ನಮ್ಮ ಕಡೆ ಇನ್ನೂ ಬಹಳ. ಅಂಥವರಿಗೆ ಸ್ಕ್ಯಾನಿಂಗ್ ತಪ್ಪಿಸಬಾರದು. ದಿನ ದಾಟಿ 41 ವಾರ ಆದವರನ್ನು ‘ನೋವು ಬಂದಾಗ ಬಾ’ ಎಂದು ಕಳಿಸಬಾರದು.

ತಂಬಾಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಿಗರೇಟ್ ಸೇದುವ ಬಸುರಿ ನಮ್ಮಲ್ಲಿ ಯಾರೂ ಇಲ್ಲ, ಹಾಗಾಗಿ ಯಾವ ಡಾಕ್ಟರೂ ತಂಬಾಕಿನ ಪ್ರಶ್ನೆ ಕೇಳುವುದಿಲ್ಲ. ಆದರೆ ಎಲೆಯಡಿಕೆಯ ಜೊತೆ ತಂಬಾಕು ಹಾಕುವವರಿದ್ದಾರೆ, ಬೆಳಿಗ್ಗೆ ಹಲ್ಲಿಗೆ ಮಿಶ್ರಿ, ಅಂದರೆ ಹುರಿದ ತಂಬಾಕಿನ ಪುಡಿ, ಉಜ್ಜುವವರಿದ್ದಾರೆ. ಹಸಿವು ತಡೆಯುತ್ತದೆ, ಕೆಲಸಕ್ಕೆ ಚುರುಕು ಬರುತ್ತದೆ ಅನ್ನುತ್ತಾರೆ. ಮುಂಬೈಯಲ್ಲಿ ಬಸುರಿಯರನ್ನು ಹೆರಿಗೆಯವರೆಗೂ ಗಮನಿಸಿ ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕು ಬಳಸುವವರಲ್ಲಿ ಮಗು ಸತ್ತು ಹುಟ್ಟುವ ಅಪಾಯ ಎರಡೂವರೆ ಪಟ್ಟಿನಷ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ನಾನು ಹೇಳಿದಾಗ ನಮ್ಮ ಹೆಂಗಸರು ಬೆರಗಾಗುತ್ತಾರೆ. “ಇದು ಹಲ್ಲಿನ ಪುಡಿ ಅಲ್ಲೇನ್ರೀ ಅಕ್ಕಾರ?” ಅನ್ನುತ್ತಾರೆ. ಗೊತ್ತಾದ ಮೇಲೆ ಬಿಟ್ಟವರೂ ಇದ್ದಾರೆ.

ಬಿಸಿಲೂ ಹಾಗೆಯೇ. ತಮಿಳುನಾಡಿನಲ್ಲಿ 800 ಬಸುರಿ ಕಾರ್ಮಿಕರನ್ನು ಅಧ್ಯಯನ ಮಾಡಿದವರು, ತೀರಾ ಬಿಸಿಯಲ್ಲಿ ದುಡಿಯುವವರಲ್ಲಿ ಗರ್ಭ ಹೋಗುವುದು, ಮಗು ಸತ್ತು ಹುಟ್ಟುವುದು ಮುಂತಾದ ಅಪಾಯ ಸುಮಾರು ಎರಡು ಪಟ್ಟು ಎಂದು ಕಂಡುಕೊಂಡರು. ಏಪ್ರಿಲ್, ಮೇ ತಿಂಗಳಲ್ಲಿ ವಾಸ್ಕೋದ ಧಗೆ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ತಗಡಿನ ಶೆಡ್ಡಿನಲ್ಲಿ ಮಲಗಿ, ಬೆಳಿಗ್ಗೆ ಎದ್ದು ಸಿಮೆಂಟ್ ಕಲಸುವವಳಿಗೆ ನೆರಳು, ನೀರು, ಕುಳಿತುಕೊಳ್ಳಲು ಜಾಗ ಕೊಡಿಸುವುದು ಕಾರ್ಮಿಕ ಇಲಾಖೆಯ ಕೈಯಲ್ಲಿದೆ. ನೀವು ಒಂದು ಮಾತು ಹೇಳಿದರೆ ಅವರು ಕೇಳುತ್ತಾರೆ.

ಈಗ ಎರಡೂ ರಾಜ್ಯಗಳು ಒಟ್ಟಿಗೆ ಕುಳಿತು ಬಗೆಹರಿಸಬೇಕಾದ ವಿಷಯ. ಚೊಚ್ಚಲು ಹೆರಿಗೆ ತವರಲ್ಲೇ ಆಗಬೇಕು ಎನ್ನುವುದು ನಮ್ಮ ಪದ್ಧತಿ. ಏಳು, ಎಂಟು ತಿಂಗಳಾದಾಗ ಕುಬಸ ಮಾಡಿ ಕಳಿಸುತ್ತಾರೆ. ಅವಳು ವಾಸ್ಕೋದಲ್ಲಿ ರೈಲು ಹತ್ತಿ ಲೋಂಡಾ ದಾಟಿ ಹುಬ್ಬಳ್ಳಿಗೆ ಹೋಗುತ್ತಾಳೆ, ಅಲ್ಲಿಂದ ಬಸ್ಸು, ಟಂಟಂ ಹಿಡಿದು ಊರು ಸೇರುತ್ತಾಳೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟ. ಅಲ್ಲಿ ಏನಾದರೂ ಆದರೆ ಯಾರೂ ಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಇಲ್ಲಿ ಅವಳಿಗೆ ಆದ ಪರೀಕ್ಷೆಯ ವಿವರ ಇಲ್ಲೇ ಉಳಿಯುತ್ತದೆ. ಅಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಅವಳ ಹೆಸರೇ ಇರುವುದಿಲ್ಲ. ಗೋವಾದವರ ಲೆಕ್ಕದಲ್ಲಿ ಅವಳು ಊರಿಗೆ ಹೋದವಳು, ಕರ್ನಾಟಕದವರ ಲೆಕ್ಕದಲ್ಲಿ ಅವಳು ಇನ್ನೂ ಬರದವಳು. ಬಿ.ಪಿ. ಏರುವುದು, ಮಗುವಿನ ಬೆಳವಣಿಗೆ ನಿಲ್ಲುವುದು ಜಾಸ್ತಿ ಆಗುವುದು ಇದೇ ಕೊನೆಯ ಎರಡು ತಿಂಗಳಲ್ಲಿ.

ತವರಿಗೆ ಹೋಗಬೇಡ ಎಂದು ಹೇಳಲು ನನಗೆ ಮನಸ್ಸಿಲ್ಲ. ತಾಯಿಯ ಮನೆಯಲ್ಲಿ ಸಿಗುವ ಅನ್ನ, ನಿದ್ದೆ ಈ ಶೆಡ್ಡಿನಲ್ಲಿ ಎಲ್ಲಿ ಸಿಗಬೇಕು? ಅವಳು ಹೊರಡುವ ಮುಂಚೆ ಇಲ್ಲಿ ಒಂದು ಪೂರ್ತಿ ತಪಾಸಣೆ ಆಗಲಿ. ಬಿ.ಪಿ., ಹಿಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು, ಮಗುವಿನ ಬೆಳವಣಿಗೆ ಎಲ್ಲವೂ ಅವಳ ‘ತಾಯಿ ಕಾರ್ಡ್’ನಲ್ಲಿ, ಅಂದರೆ ಬಸುರಿಯ ತಪಾಸಣೆಯ ವಿವರ ಬರೆಯುವ ಕಾರ್ಡಿನಲ್ಲಿ, ಅಲ್ಲಿಯವರು ಓದುವ ಹಾಗೆ ಬರೆದಿರಲಿ. ಅಪಾಯ ಇದ್ದರೆ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಲ್ಲಿಂದಲೇ ಒಂದು ಫೋನ್ ಹೋಗಲಿ. ಅವಳು ಊರು ಮುಟ್ಟಿದ ವಾರದೊಳಗೆ ಆಶಾ ಮನೆಗೆ ಬರಲಿ. ಬಸುರಿಯರಿಗೆ ನೋಂದಣಿ ಸಂಖ್ಯೆ ಕೊಡುವ ವ್ಯವಸ್ಥೆ ದೇಶಕ್ಕೆಲ್ಲ ಇದೆ. ಆ ಸಂಖ್ಯೆ ಹಾಕಿದರೆ ಘಟ್ಟದ ಎರಡೂ ಕಡೆಯವರಿಗೆ ಒಂದೇ ವಿವರ ಕಾಣುವ ಹಾಗೆ ಮಾಡಿ.

ಆಸ್ಪತ್ರೆಗೆ ಬನ್ನಿ ಎಂದು ಜನರನ್ನು ಒಪ್ಪಿಸುವ ಕಾಲ ಮುಗಿಯಿತು. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗೋವಾದಲ್ಲಿ ಶೇ. 99ಕ್ಕೂ ಜಾಸ್ತಿ ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದೆ, ಕರ್ನಾಟಕದಲ್ಲಿ ಶೇ. 97. ಇದು ದೊಡ್ಡ ಸಾಧನೆ, ನಾನು ನೌಕರಿಗೆ ಸೇರಿದಾಗ ಕನಸಿನಲ್ಲೂ ಎಣಿಸಿರಲಿಲ್ಲ. ಅವರು ಬಂದಿದ್ದಾರೆ. ಬಂದ ಮೇಲೆ ಏನಾಗುತ್ತದೆ ಎನ್ನುವುದು ಈಗಿನ ಪ್ರಶ್ನೆ. ನೋವು ಜೋರಾದ ಮೇಲೆ ಮಗುವಿನ ಎದೆಬಡಿತವನ್ನು ಅರ್ಧ ಗಂಟೆಗೊಮ್ಮೆಯಾದರೂ ಕೇಳಬೇಕು, ತಾಯಿ ಮುಕ್ಕಲು ಶುರುಮಾಡಿದ ಮೇಲೆ ಐದು ನಿಮಿಷಕ್ಕೊಮ್ಮೆ. ಒಬ್ಬಳೇ ನರ್ಸ್ ಇದ್ದು ನಾಲ್ಕು ಜನ ನೋವು ತಿನ್ನುತ್ತಿದ್ದರೆ ಇದು ಆಗದ ಮಾತು. ಆಗ ನೋವಿನ ಹೊತ್ತಿನಲ್ಲೇ ತಾಯಿ, ಮಗುವಿನ ಸ್ಥಿತಿಯನ್ನು ಗುರುತು ಹಾಕುತ್ತಾ ಹೋಗಬೇಕಾದ ಪಾರ್ಟೋಗ್ರಾಫ್ ಹಾಳೆಯನ್ನು ಹೆರಿಗೆ ಮುಗಿದ ಮೇಲೆ ತುಂಬುತ್ತಾರೆ. ಇದನ್ನು ಒಳಗಿದ್ದು ನೋಡಿದವಳಾಗಿ ಹೇಳುತ್ತಿದ್ದೇನೆ. ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ಕೇಂದ್ರ ಸರ್ಕಾರ 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮ ತಂದಿತು. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್ ಬಂದರೆ ಸಾಲದು. ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್ ಬೇಕು, ಮಗುವಿನ ಎದೆಬಡಿತ ಕೇಳಿಸುವ, ಬ್ಯಾಟರಿ ಇರುವ ಡಾಪ್ಲರ್ ಯಂತ್ರ ಬೇಕು, ಎದೆಬಡಿತ ಇಳಿದರೆ ಕೂಡಲೇ ಸಿಸೇರಿಯನ್ ಮಾಡುವ ಡಾಕ್ಟರು ಬೇಕು. ಸಣ್ಣ ಖಾಸಗಿ ದವಾಖಾನೆಗಳಲ್ಲಿ ನೋವು ಬರಲಿ ಎಂದು ಯಾವ ನಿಗಾ ಇಲ್ಲದೆ ಕೊಡುವ ಇಂಜೆಕ್ಷನ್ ಮೇಲೆ ಕಣ್ಣಿಡಿ. ಗರ್ಭಕೋಶ ಬಿಡುವಿಲ್ಲದೆ ಬಿಗಿಹಿಡಿದರೆ ಮಗುವಿಗೆ ಉಸಿರು ಸಿಗುವುದಿಲ್ಲ.

ಮಗು ಹೋದ ಮೇಲಿನ ಮಾತು ಸ್ವಲ್ಪ ಇದೆ. ಆ ಕೊಪ್ಪಳದ ಹುಡುಗಿಯನ್ನು ಬಾಣಂತಿಯರ ವಾರ್ಡಿನಲ್ಲೇ ಮಲಗಿಸಿದ್ದರು. ಅಕ್ಕಪಕ್ಕದಲ್ಲಿ ಕೂಸುಗಳು ಅಳುತ್ತಿದ್ದವು. ಮೂರನೇ ದಿನ ಅವಳಿಗೆ ಹಾಲು ಬಂತು, ಎದೆ ಕಲ್ಲಿನಂತಾಗಿ ಜ್ವರ ಬಂತು. ಹೀಗೆ ಆಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಟವೆಲ್ಲಿನಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು, ಎಲ್ಲಿ ಮಣ್ಣು ಮಾಡಬೇಕು ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಕಾರಣ ಏನು ಎಂದು ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ. ಮಾಸನ್ನು ಪರೀಕ್ಷೆಗೆ ಕಳಿಸಿರಲಿಲ್ಲ. ಒಮ್ಮೆ ಹೀಗಾದವಳಿಗೆ ಮುಂದಿನ ಬಸುರಿನಲ್ಲೂ ಅಪಾಯ ಜಾಸ್ತಿ, ಹಾಗಾಗಿ ಆ ಒಂದು ಸಾಲು ಅವಳಿಗೆ ತುಂಬಾ ಮುಖ್ಯ. ಇಂಥ ಸಾವುಗಳ ಕಾರಣ ದಾಖಲಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದಕ್ಕೂ ಮೊದಲು, 2014ರಲ್ಲಿ, ಸತ್ತು ಹುಟ್ಟುವ ಮಕ್ಕಳ ಸಂಖ್ಯೆಯನ್ನು 2030ರ ಹೊತ್ತಿಗೆ ಸಾವಿರಕ್ಕೆ ಹತ್ತರೊಳಗೆ ಇಳಿಸುತ್ತೇವೆ ಎಂದು ದೇಶ ಗುರಿ ಇಟ್ಟುಕೊಂಡಿತು. ಪ್ರತಿ ಸಾವಿನ ಕಾರಣ ಬರೆದಿಡದೆ ಈ ಗುರಿ ಮುಟ್ಟುವುದು ಹೇಗೆ?

ಅವಳು ಹತ್ತು ದಿನವೂ ಕಳೆಯುವ ಮುಂಚೆ ಕೆಲಸಕ್ಕೆ ಹೋದಳು. ಮಗುವೇ ಇಲ್ಲವಲ್ಲ, ರಜೆ ಯಾತಕ್ಕೆ ಎಂದ ಮೇಸ್ತ್ರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ‘ಮಗು’ ಎಂದರೆ ಸತ್ತು ಹುಟ್ಟಿದ ಮಗುವೂ ಸೇರುತ್ತದೆ ಎಂದು ಬರೆದಿತ್ತು. ಕೇಂದ್ರ ಸರ್ಕಾರ ತನ್ನ ನೌಕರರಿಗೆ 2022ರಲ್ಲಿ ಇದಕ್ಕೆಂದೇ 60 ದಿನಗಳ ರಜೆ ಕೊಟ್ಟಿತು. ಇಟ್ಟಿಗೆ ಹೊರುವವಳಿಗೆ ಹಾಜರಿ ಪುಸ್ತಕವೇ ಇಲ್ಲ. ಹೆತ್ತ ಮೈ ಅವಳದೂ ಅದೇ ಅಲ್ವಾ?

ಗೋವಾದ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವ ಚೆನ್ನಾಗಿ ಮಾಡುತ್ತೀರಿ, ನಾನೂ ಬರುತ್ತೇನೆ. ಅದರ ಜೊತೆಗೆ ಓಣಿಗೆ ಇಬ್ಬರಂತೆ ಕೊಂಕಣಿ, ಕನ್ನಡ ಎರಡೂ ಬರುವ ಹೆಣ್ಣುಮಕ್ಕಳನ್ನು ಹುಡುಕಿ ಕೊಡಿ. ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಯಲ್ಲಿ ಓದಿದ ನಮ್ಮ ಹುಡುಗಿಯರು ಬೇಕಾದಷ್ಟಿದ್ದಾರೆ. ಅತ್ತೆಯಂದಿರನ್ನು ಕೂರಿಸಿಕೊಂಡು ಮಿಸುಕಾಟದ ಬಗ್ಗೆ, ತಂಬಾಕಿನ ಬಗ್ಗೆ, ಏಳು ತಿಂಗಳ ನಂತರ ಅಂಗಾತ ಮಲಗದೆ ಮಗ್ಗುಲಾಗಿ ಮಲಗುವ ಬಗ್ಗೆ ನಾನು ಹೇಳಿಕೊಡುತ್ತೇನೆ. ಸುಮ್ನೆ ಭಾಷಣ ಮಾಡುವುದಿಲ್ಲ, ಮನೆಮನೆಗೆ ಬರುತ್ತೇನೆ.

ಮಾನ್ಯರೇ, ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಬಸುರಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ಅವತ್ತು ವಾಸ್ಕೋ, ಮಡಗಾಂವ್ ಭಾಗದ ಆಸ್ಪತ್ರೆಗಳಲ್ಲಿ ಕನ್ನಡ ಬರುವ ಒಬ್ಬರನ್ನು ದಿನಗೂಲಿಯ ಮೇಲೆ ಕೂರಿಸಿ. ಉಳಿದ ದಿನಗಳಲ್ಲಿ, ರಾತ್ರಿಯಲ್ಲೂ, ನರ್ಸ್ ಫೋನ್ ಮಾಡಿ ಕೇಳಲು ಒಂದು ನಂಬರ್ ಇರಲಿ. ಒ.ಪಿ.ಡಿ. ಗೋಡೆಯ ಮೇಲೆ ಕನ್ನಡದಲ್ಲಿ, ಓದಲು ಬಾರದವರಿಗೆ ಚಿತ್ರದಲ್ಲಿ, ‘ಕೂಸಿನ ಮಿಸುಕಾಟ ಕಡಿಮೆಯಾದರೆ ತಡ ಮಾಡದೆ ಒಳಗೆ ಬಂದು ಹೇಳಿ’ ಎಂದು ಹಾಕಿಸಿ. ಮೊದಲ ಪ್ಯಾರಾದಲ್ಲಿ ಕೇಳಿದ ಆದೇಶಕ್ಕೆ ಹಣ ಬೇಕಿಲ್ಲ, ನಿಮ್ಮ ಸಹಿ ಸಾಕು. ಬರುವ 9ರೊಳಗೆ ಅದು ಎಲ್ಲ ಹೆರಿಗೆ ವಾರ್ಡುಗಳಿಗೂ ತಲುಪುವಂತೆ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್,
ವಾಸ್ಕೋ, ಗೋವಾ